ಮೇನ್ ಪಿಕ್ಚರ್‌ಗೆ ಮುಂಚಿನ ಹತ್ತು ನಿಮಿಷ

ಅರಸೀಕೆರೆ ಸೀಮೆಯ ಹಿರಿಯರ ಮುಂದೆ ಟೆಂಟ್ ಸಿನಿಮಾದ ಮಾತು ತೆಗೆದರೆ ಮೊದಲು ನೆನಪಾಗುವುದು ಘಂಟಸಾಲ ಹಾಡಿದ ವೆಂಕಟೇಶನ ಸ್ತುತಿ. ಸ್ಪೀಕರಿನಲ್ಲಿ ಅದು ಮೊಳಗಿತೆಂದರೆ ಆಟ ಶುರುವಾಗುವ ಹೊತ್ತಾಯಿತು, ದಾರಿಯಲ್ಲಿದ್ದವರು ಬಿರಬಿರನೆ ಹೆಜ್ಜೆ ಹಾಕಬೇಕು. ಮಾಲೇಕಲ್ಲು ತಿರುಪತಿಯ ಬೆಟ್ಟವನ್ನು ದಿನಾ ನೋಡುತ್ತ ಬೆಳೆದವರಿಗಂತೂ ಅದು ಮನೆದೇವರ ಹಾಡೇ. ಆಮೇಲೆ ಮಾತು ರಾಜಕುಮಾರ್ ಕಡೆಗೆ, ನರಸಿಂಹರಾಜು ಕಡೆಗೆ, ನೆಲದ ಟಿಕೆಟ್ಟಿನ ಬೆಲೆಯ ಕಡೆಗೆ ಹೊರಳುತ್ತದೆ. ಹಾಡು ನಿಂತ ಮೇಲೆ, ಮೇನ್ ಪಿಕ್ಚರ್ ಶುರುವಾಗುವ ಮುಂಚೆ ಏನು ತೋರಿಸುತ್ತಿದ್ದರು ಎಂದು ಕೇಳಿ ನೋಡಿ. ‘ಅದಾ, ಇಂಡಿಯನ್ ನ್ಯೂಸು’ ಎಂದು ಬಹಳ ಮಂದಿ ಕೈ ಬೀಸಿಬಿಡುತ್ತಾರೆ. ಪ್ರವಾಹ, ಅಣೆಕಟ್ಟು, ವಿದೇಶದ ಗಣ್ಯರಿಗೆ ಹಾರ. ಬೀಡಿ ಸೇದುವವರು ಹೊರಗೇ ನಿಂತಿರುತ್ತಿದ್ದ ಹೊತ್ತು ಅದು. ಆದರೆ ಯಾರಾದರೊಬ್ಬರು ಸ್ವಲ್ಪ ತಡೆದು, ‘ಒಂದೊಂದ್ಸಲ ಬರೆದಿರೋ ಚಿತ್ರ ಓಡಾಡೋದು ಬರ್ತಿತ್ತು ಕಣ್ರೀ, ಒಂದು ಜಿಂಕೆದು ಇತ್ತು’ ಎನ್ನುತ್ತಾರೆ. ಹೆಸರು ಗೊತ್ತಿಲ್ಲ, ಕಥೆ ಅರ್ಧ ಮರೆತಿದೆ, ಜಿಂಕೆ ಮಾತ್ರ ಕಣ್ಣಿಗೆ ಕಟ್ಟಿದೆ.

ಅದು ಬಹುಮಟ್ಟಿಗೆ 1957ರ ‘ದಿ ಬನಿಯನ್ ಡೀರ್’ ಚಿತ್ರದ ಜಿಂಕೆಯೇ ಇರಬೇಕು. ಮುಂಬಯಿಯ ಸರ್ಕಾರಿ ಚಿತ್ರಸಂಸ್ಥೆ ಫಿಲ್ಮ್ಸ್ ಡಿವಿಷನ್ ತನ್ನ ಕಾರ್ಟೂನ್ ವಿಭಾಗ ತೆರೆದ ಹೊಸತರಲ್ಲಿ ಮಾಡಿದ ಕಿರುಚಿತ್ರ. ಆ ವಿಭಾಗದ ಹುಡುಗರಿಗೆ ಕೆಲಸ ಕಲಿಸಲು 1956ರಲ್ಲಿ ಅಮೆರಿಕದ ತಾಂತ್ರಿಕ ನೆರವಿನಡಿ ಬಂದವರು ಕ್ಲೇರ್ ವೀಕ್ಸ್. ಮಿಷನರಿ ದಂಪತಿಯ ಮಗನಾಗಿ ಭಾರತದಲ್ಲೇ ಹುಟ್ಟಿ, ಡಿಸ್ನಿ ಸ್ಟುಡಿಯೋದಲ್ಲಿ ‘ಬ್ಯಾಂಬಿ’ಯಂಥ ಚಿತ್ರಗಳಿಗೆ ಕೆಲಸ ಮಾಡಿದ್ದ ಮನುಷ್ಯ. ಜಿಂಕೆಮರಿಯ ಕಾಲು ನಡುಗುವುದು ಹೇಗೆ, ಕಿವಿ ನಿಮಿರುವುದು ಹೇಗೆ ಎಂದು ಹಾಲಿವುಡ್ಡಿನಲ್ಲಿ ಬರೆದು ಪಳಗಿದ್ದ ಕೈ ಇಲ್ಲಿ ಜಾತಕ ಕಥೆಯ ಜಿಂಕೆಯನ್ನು ಎತ್ತಿಕೊಂಡಿತು. ಕಥೆ ನಮಗೆ ಗೊತ್ತಿರುವುದೇ. ದಿನಕ್ಕೊಂದು ಜಿಂಕೆ ಸರದಿಯಂತೆ ರಾಜನ ಅಡುಗೆಮನೆಗೆ ಹೋಗಬೇಕು. ಗಬ್ಬದ ಜಿಂಕೆಯ ಸರದಿ ಬಂದಾಗ ಹಿಂಡಿನ ಒಡೆಯ ತಾನೇ ಹೋಗಿ ಕೊರಡಿನ ಮೇಲೆ ಕುತ್ತಿಗೆ ಇಡುತ್ತಾನೆ. ಸಾಲು ನಿಂತು ಟಿಕೆಟ್ ಕೊಂಡು ಬಂದವರು ಇದನ್ನು ನೋಡಲು ಬಂದವರಲ್ಲ, ಆದರೂ ನೋಡಿದರು. ಎಪ್ಪತ್ತು ವರ್ಷದ ಹತ್ತಿರ ಹತ್ತಿರ ಆದಮೇಲೂ ಕೆಲವರ ತಲೆಯಲ್ಲಿ ಆ ಜಿಂಕೆ ಉಳಿದುಕೊಂಡಿದೆ.

ಹಳೆಯ, ಹೆಸರೇ ಕೇಳದ ಇಂಥ ಅನಿಮೇಷನ್ ಕಿರುಚಿತ್ರಗಳ ಸೆಳೆತ ಏನು? ಬಾಲ್ಯದ ಹಂಬಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಾಲ್ಯದಲ್ಲಿ ಇವನ್ನು ಕಂಡೇ ಇರದ ಕಾಲೇಜು ಹುಡುಗರು ಇವತ್ತು ಇವಕ್ಕೆ ಮರುಳಾಗುತ್ತಿದ್ದಾರೆ. ಬರೆದವನ ಕೈ ಕಣ್ಣಿಗೆ ಬೀಳುವುದೇ ಇವುಗಳ ಸೊಗಸು ಎಂಬುದು ನನ್ನ ನಂಬಿಕೆ. ಗೆರೆ ಒಂಚೂರು ನಡುಗುತ್ತದೆ, ಬಣ್ಣ ಅಂಚು ಮೀರುತ್ತದೆ, ಹಿನ್ನೆಲೆಯ ಮರ ಕದಲದೆ ನಿಂತಿರುತ್ತದೆ. ಯಾರೋ ಒಬ್ಬರು ಕೂತು ಇದನ್ನು ಮಾಡಿದ್ದಾರೆ ಎಂಬುದು ಒಂದು ಗಳಿಗೆಯೂ ಮರೆಯುವುದಿಲ್ಲ.

ಕೂತು ಮಾಡುವುದೆಂದರೆ ಎಷ್ಟು ಎಂಬ ಲೆಕ್ಕ ತಿಳಿದರೆ ಈ ಮಾತು ಇನ್ನೂ ಗಟ್ಟಿಯಾದೀತು. ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. ಹತ್ತು ನಿಮಿಷಕ್ಕೆ 14,400. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟಿಗೆ ಹಿಡಿದರೂ 7,200 ಚಿತ್ರ ಬೇಕು. ಕಾಗದದ ಮೇಲೆ ಬರೆದದ್ದನ್ನು ಸೆಲ್ ಎಂಬ ಪಾರದರ್ಶಕ ಹಾಳೆಗೆ ಶಾಯಿಯಲ್ಲಿ ಇಳಿಸಿ, ಹಿಂದಿನಿಂದ ಬಣ್ಣ ತುಂಬಿ, ಹಿನ್ನೆಲೆಯ ಮೇಲಿಟ್ಟು, ಒಂದೊಂದನ್ನೇ ಕ್ಯಾಮೆರಾದಡಿ ಚಿತ್ರೀಕರಿಸಬೇಕು. ಒಂದು ಕಡೆ ಕೈ ಜಾರಿದರೆ ಪರದೆಯ ಮೇಲೆ ಪಾತ್ರ ಬೆಚ್ಚಿಬಿದ್ದಂತೆ ಕಾಣುತ್ತದೆ. ಸೆಲ್ ಹಾಳೆ ದುಬಾರಿ, ಆದ್ದರಿಂದ ಕೆಲಸ ಮುಗಿದ ಮೇಲೆ ಅದನ್ನು ತೊಳೆದು ಮತ್ತೆ ಬಳಸುವುದು ಆ ಕಾಲದ ಸ್ಟುಡಿಯೋಗಳ ರೂಢಿ. ತಿಂಗಳುಗಟ್ಟಲೆ ಬರೆದ ಚಿತ್ರಗಳು ನೀರಿನಲ್ಲಿ ಕರಗಿ ಹೋಗಿವೆ. ನಮಗೆ ಉಳಿದಿರುವುದು ಅವುಗಳ ಓಡಾಟ ಮಾತ್ರ.

ಹಣ, ಜನ, ಹೊತ್ತು ಮೂರೂ ಕಡಿಮೆಯಿದ್ದಲ್ಲಿ ಚಿತ್ರಕಾರ ಏನು ಮಾಡುತ್ತಾನೆ? ಎಲ್ಲವನ್ನೂ ಕದಲಿಸಲು ಹೋಗುವುದಿಲ್ಲ. ಮುಖವನ್ನು ಹಾಗೇ ಬಿಟ್ಟು ಹುಬ್ಬು ಮಾತ್ರ ಎತ್ತುತ್ತಾನೆ. ಓಡುವ ಮನುಷ್ಯನ ಬದಲು ಅವನ ಹಿಂದೆ ಏಳುವ ಧೂಳು ಬರೆಯುತ್ತಾನೆ. ಆ ಉಳಿತಾಯದಲ್ಲೇ ಒಂದು ಶೈಲಿ ಹುಟ್ಟಿತು. ಯುಗೊಸ್ಲಾವಿಯದ ಝಾಗ್ರೆಬ್ ನಗರದ ಸ್ಟುಡಿಯೋ ಇದನ್ನೇ ಕಲೆ ಮಾಡಿಕೊಂಡು, ದುಶಾನ್ ವುಕೋಟಿಚ್ ಅವರ 1961ರ ಕಿರುಚಿತ್ರಕ್ಕೆ ಆಸ್ಕರ್ ತಂದುಕೊಂಡಿತು. ಅನಿಮೇಷನ್‌ಗೆ ಅಮೆರಿಕದ ಆಚೆಗೆ ಹೋದ ಮೊದಲ ಆಸ್ಕರ್ ಅದು. ಮುಂಬಯಿಯ ಕಾರ್ಟೂನ್ ವಿಭಾಗವೂ ಅದೇ ಹಾದಿಯಲ್ಲಿ, ತನ್ನದೇ ಇಕ್ಕಟ್ಟುಗಳಲ್ಲಿ ನಡೆದದ್ದು.

ಇವು ಯಾಕೆ ಇಷ್ಟು ಅಜ್ಞಾತವಾಗಿ ಉಳಿದವು ಎಂಬುದಕ್ಕೆ ಉತ್ತರ ಇವು ಊರೂರಿಗೆ ತಲುಪಿದ ರೀತಿಯಲ್ಲೇ ಇದೆ. 1948ರಲ್ಲಿ ಫಿಲ್ಮ್ಸ್ ಡಿವಿಷನ್ ಶುರುವಾಯಿತು. ಪರವಾನಗಿ ಪಡೆದ ಪ್ರತಿ ಚಿತ್ರಮಂದಿರವೂ ಮುಖ್ಯ ಚಿತ್ರದ ಜೊತೆ ಸರ್ಕಾರ ಒಪ್ಪಿದ, ಎರಡು ಸಾವಿರ ಅಡಿ ಮೀರದ ವಾರ್ತಾಚಿತ್ರ, ಸಾಕ್ಷ್ಯಚಿತ್ರಗಳನ್ನು ತೋರಿಸಲೇಬೇಕಿತ್ತು, ಅದಕ್ಕೆ ನಿವ್ವಳ ಗಳಿಕೆಯ ಶೇಕಡಾ ಒಂದರಷ್ಟನ್ನು ಬಾಡಿಗೆಯಾಗಿ ಕೊಡಬೇಕಿತ್ತು. ಪೋಸ್ಟರ್ ಇಲ್ಲ, ಪತ್ರಿಕೆಯಲ್ಲಿ ವಿಮರ್ಶೆ ಇಲ್ಲ, ಈ ವಾರ ಯಾವುದು ಬರುತ್ತದೆಂದು ಟೆಂಟಿನ ಮಾಲೀಕನಿಗೇ ಡಬ್ಬಿ ಬಿಚ್ಚುವ ತನಕ ಖಬರಿಲ್ಲ. ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿದ ತಗಡಿನ ಪೆಟ್ಟಿಗೆಯೊಳಗೆ ಮೇನ್ ಪಿಕ್ಚರ್ ಜೊತೆ ಒಂದು ಸಣ್ಣ ಸುರುಳಿ. ವಾರ ಕಳೆದರೆ ಅದು ಮುಂದಿನ ಊರಿಗೆ. ಮತ್ತೊಮ್ಮೆ ನೋಡಬೇಕೆನ್ನಿಸಿದರೆ ದಾರಿಯೇ ಇರಲಿಲ್ಲ. ಟೆಂಟೂ ಇಲ್ಲದ ಹಳ್ಳಿಗಳಿಗೆ ವಾರ್ತಾ ಇಲಾಖೆಯ ವ್ಯಾನ್ ಬರುತ್ತಿತ್ತು, ಜಾತ್ರೆಯ ಬಯಲಲ್ಲಿ ಪರದೆ ಕಟ್ಟಿ 16 ಎಂಎಂ ಪ್ರೊಜೆಕ್ಟರ್ ಓಡಿಸುತ್ತಿದ್ದರು. ಪರದೆಯ ಹಿಂದೆ ಕೂತವರಿಗೂ ಚಿತ್ರ ಕಾಣುತ್ತಿತ್ತು, ಎಡ ಬಲ ಅದಲು ಬದಲಾಗಿ. ಆಷಾಢದ ತೇರಿಗೆ ನೆರೆದ ಜನಕ್ಕೆ ‘ಆರತಿಗೊಬ್ಬಳು ಕೀರ್ತಿಗೊಬ್ಬ’ ಎಂಬ ಕುಟುಂಬ ಯೋಜನೆಯ ಮಾತು ತಲುಪಬೇಕಿದ್ದ ಕಾಲ. ಸರ್ಕಾರ ಕೊಟ್ಟದ್ದು ಉಪದೇಶದ ಆರ್ಡರು, ಚಿತ್ರಕಾರರು ಅದರ ಸಂದಿಯಲ್ಲಿ ತಮ್ಮ ಕಲೆಯನ್ನು ಸೇರಿಸಿ ಕಳಿಸಿದರು.

ವೀಕ್ಸ್ ಕೈಕೆಳಗೆ ಪಳಗಿದವರಲ್ಲಿ ದೊಡ್ಡ ಹೆಸರು ರಾಮ್ ಮೋಹನ್. 1931ರಲ್ಲಿ ಹುಟ್ಟಿ 2019ರಲ್ಲಿ ತೀರಿಕೊಂಡ ಇವರನ್ನು ಭಾರತೀಯ ಅನಿಮೇಷನ್ನಿನ ಪಿತಾಮಹ ಎಂದೇ ಕರೆಯುತ್ತಾರೆ. ಸತ್ಯಜಿತ್ ರಾಯ್ ಅವರ ‘ಶತರಂಜ್ ಕೇ ಖಿಲಾಡಿ’ಯೊಳಗಿನ ಅನಿಮೇಷನ್ ತುಣುಕು ಇವರದೇ. ಕನ್ನಡಿಗರಿಗೆ ಇವರು ಇನ್ನೊಂದು ದಾರಿಯಿಂದ ಹತ್ತಿರವಾಗುತ್ತಾರೆ. 1972ರಲ್ಲಿ ಇವರು ಮಾಡಿದ ‘ಯು ಸೆಡ್ ಇಟ್’ ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ವ್ಯಂಗ್ಯಚಿತ್ರಗಳನ್ನು ಆಧರಿಸಿದ್ದು. ಶಿವರಾಂ ಅವರ ಹಾಸ್ಯಪತ್ರಿಕೆ ‘ಕೊರವಂಜಿ’ಗೆ ಗೆರೆ ಎಳೆಯುತ್ತಿದ್ದ ಹುಡುಗ ಮುಂದೆ ಮುಂಬಯಿಗೆ ಹೋಗಿ ಚೌಕಳಿ ಕೋಟಿನ ಶ್ರೀಸಾಮಾನ್ಯನನ್ನು ಹುಟ್ಟಿಸಿದ್ದು ಎಲ್ಲರಿಗೂ ಗೊತ್ತು. ಆ ಶ್ರೀಸಾಮಾನ್ಯ ಎದ್ದು ಓಡಾಡಿದ್ದು ಅಷ್ಟಾಗಿ ಗೊತ್ತಿಲ್ಲ. ಲಕ್ಷ್ಮಣ್ ಗೆರೆಯ ಜೀವ ಇರುವುದು ಕುಂಚದ ದಪ್ಪ ತೆಳುವಿನಲ್ಲಿ. ಪತ್ರಿಕೆಯಲ್ಲಿ ಒಮ್ಮೆ ಬರೆದು ಮುಗಿಸುವ ಕೋಟಿನ ಚೌಕಳಿಯನ್ನು ಸಾವಿರಾರು ಸಲ ಬರೆಯಬೇಕಾಗಿ ಬಂದರೆ ಚಿತ್ರಕಾರನ ಪಾಡೇನು ಎಂದು ಯೋಚಿಸಿ. ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಶೀರ್ಷಿಕೆಯಲ್ಲಿ ನಾವು ಕಂಡ ಲಕ್ಷ್ಮಣ್ ಚಿತ್ರಗಳು ನಿಂತಲ್ಲೇ ನಿಂತವು. ಅವಕ್ಕಿಂತ ಒಂದೂವರೆ ದಶಕ ಮೊದಲೇ ಅದೇ ಕೈಯ ಪಾತ್ರಗಳು ನಡೆದಾಡಿದ್ದವು.

ಮಿಕ್ಕವರಿಗಿಂತ ಬೇರೆಯೇ ಜಾತಿಯ ಕಲಾವಿದ ಪ್ರಮೋದ್ ಪತಿ. ಒಡಿಶಾದವರು. ಚೆಕೊಸ್ಲೊವಾಕಿಯಕ್ಕೆ ಹೋಗಿ ಗೊಂಬೆ ಚಿತ್ರಗಳ ದಿಗ್ಗಜ ಇರ್ಝಿ ತ್ರ್ನ್‌ಕಾ ಬಳಿ ಕಲಿತು ಬಂದರು. ತ್ರ್ನ್‌ಕಾ ಅವರ ಕೊನೆಯ ಚಿತ್ರ, 1965ರ ‘ದಿ ಹ್ಯಾಂಡ್’, ಹೂವಿಗಾಗಿ ಕುಂಡ ಮಾಡಿಕೊಂಡಿರುವ ಬಡ ಕುಂಬಾರನ ಮನೆಗೆ ಒಂದು ದೈತ್ಯ ಕೈ ನುಗ್ಗಿ, ನನ್ನ ವಿಗ್ರಹ ಮಾಡು ಎಂದು ಪೀಡಿಸುವ ಕಥೆ. ಆಳುವವರಿಗೆ ಅದು ಚುಚ್ಚಿತು, ತ್ರ್ನ್‌ಕಾ ತೀರಿಕೊಂಡ ಮೇಲೆ ನಿಷೇಧಿಸಿದರು. ಅಂಥ ಗುರುವಿನ ಶಿಷ್ಯ ಸರ್ಕಾರಿ ಕಚೇರಿಯೊಳಗೆ ಕೂತು 1968ರಲ್ಲಿ ‘ಎಕ್ಸ್‌ಪ್ಲೋರರ್’, 1972ರಲ್ಲಿ ‘ಆಬಿದ್’ ಮಾಡಿದರು. ‘ಆಬಿದ್’ನಲ್ಲಿ ಬರೆದ ಪಾತ್ರವೇ ಇಲ್ಲ. ಚಿತ್ರಕಾರ ಆಬಿದ್ ಸುರ್ತಿ ಒಂದು ಕೋಣೆಯೊಳಗೆ ಬಣ್ಣ ಬಳಿಯುತ್ತ ಗೊಂಬೆಯಂತೆ ಸರಿದಾಡುತ್ತಾರೆ. ಮನುಷ್ಯನನ್ನು ಒಂದು ಭಂಗಿಯಲ್ಲಿ ನಿಲ್ಲಿಸಿ ಒಂದು ಚೌಕಟ್ಟು, ತುಸು ಸರಿಸಿ ಇನ್ನೊಂದು ಚೌಕಟ್ಟು, ಹೀಗೆ ಹಿಡಿಯುವ ಈ ವಿಧಾನಕ್ಕೆ ಪಿಕ್ಸಿಲೇಷನ್ ಎನ್ನುತ್ತಾರೆ. ನಡೆಯದೆಯೇ ಜಾರುವುದು, ನೆಗೆಯದೆಯೇ ತೇಲುವುದು ಎಲ್ಲ ಇದರಲ್ಲಿ ಸಾಧ್ಯ. ಮೇನ್ ಪಿಕ್ಚರ್‌ಗೆ ಕಾದು ಕೂತ ಜನರ ಮುಂದೆ, ಯಾವ ಪೀಠಿಕೆಯೂ ಇಲ್ಲದೆ, ಜಗತ್ತಿನ ಯಾವ ಪ್ರಯೋಗಶೀಲ ಸಿನಿಮಾಕ್ಕೂ ಸಡ್ಡು ಹೊಡೆಯುವಂಥ ಐದು ನಿಮಿಷ ಇದು. ಪತಿ 1975ರಲ್ಲಿ, ಐವತ್ತು ಮುಟ್ಟುವ ಮೊದಲೇ ಹೋಗಿಬಿಟ್ಟರು. ನನ್ನ ಕಣ್ಣಿಗೆ ನಮ್ಮ ದೇಶದ ಕಿರುಚಿತ್ರಗಳಲ್ಲಿ ಅವರನ್ನು ಮೀರಿಸಿದವರಿಲ್ಲ.

ಟಿವಿ ಕಾಲದವರಿಗೆ ಇವುಗಳಲ್ಲಿ ಒಂದು ಮಾತ್ರ ಚೆನ್ನಾಗಿ ಗೊತ್ತು. 1974ರ ‘ಏಕ್ ಅನೇಕ್ ಔರ್ ಏಕತಾ’. ವಿಜಯಾ ಮುಳೆ ಅವರ ಚಿತ್ರ, ಅನಿಮೇಷನ್ ಭೀಮಸೇನ್ ಅವರದು, ಸಂಗೀತ ವಸಂತ ದೇಸಾಯಿ. ಬಲೆಗೆ ಬಿದ್ದ ಹಕ್ಕಿಗಳು ಬಲೆಯನ್ನೇ ಎತ್ತಿಕೊಂಡು ಹಾರಿ, ಗೆಳೆಯ ಇಲಿಗಳಿಂದ ಕಡಿಸಿಕೊಳ್ಳುವ ಪಂಚತಂತ್ರದ ಕಥೆಯನ್ನು ಅಕ್ಕ ತಮ್ಮನಿಗೆ ಹೇಳುತ್ತಾಳೆ. ದೂರದರ್ಶನದಲ್ಲಿ ಎರಡು ಕಾರ್ಯಕ್ರಮಗಳ ಮಧ್ಯೆ ತೂರಿ ಬರುತ್ತಿದ್ದ ಇದನ್ನು ಹಿಂದಿಯ ಗಂಧವಿಲ್ಲದ ನಮ್ಮ ಮಕ್ಕಳೂ ಗುನುಗಿದರು. ಇದೊಂದು ಉಳಿದದ್ದು ಮತ್ತೆ ಮತ್ತೆ ತೋರಿಸಿದ್ದರಿಂದ. ಮಿಕ್ಕವಕ್ಕೂ ಅಂಥ ಅದೃಷ್ಟ ಒದಗಿದ್ದರೆ ಅವೂ ಮನೆಮಾತಾಗುತ್ತಿದ್ದವು.

ಮಕ್ಕಳ ಮಾತು ಬಂದದ್ದರಿಂದ ಒಂದು ಸಂಜೆಯ ಸಂಗತಿ ಹೇಳಬೇಕು. ನಮ್ಮ ಬೀದಿಯ ಹುಡುಗರನ್ನು ಕೂರಿಸಿಕೊಂಡು, ಗೋಡೆಗೆ ಪಂಚೆ ಕಟ್ಟಿ, ಕೆನಡಾದ ನಾರ್ಮನ್ ಮೆಕ್ಲಾರೆನ್ ಮತ್ತು ಕ್ಲೋಡ್ ಜುತ್ರಾ 1957ರಲ್ಲಿ ಮಾಡಿದ ‘ಎ ಚೇರಿ ಟೇಲ್’ ಹಾಕಿದೆ. ಕಪ್ಪು ಬಿಳುಪು, ಮಾತಿಲ್ಲ. ಒಬ್ಬ ಯುವಕ ಪುಸ್ತಕ ಹಿಡಿದು ಬಂದು ಬಿಳಿ ಕುರ್ಚಿಯಲ್ಲಿ ಕೂರಲು ಹೋಗುತ್ತಾನೆ. ಕುರ್ಚಿ ಸರಿಯುತ್ತದೆ. ಮತ್ತೆ ಹೋಗುತ್ತಾನೆ, ಮತ್ತೆ ಸರಿಯುತ್ತದೆ. ಬೈಯುತ್ತಾನೆ, ಅಟ್ಟಿಸಿಕೊಂಡು ಹೋಗುತ್ತಾನೆ, ಪುಸಲಾಯಿಸುತ್ತಾನೆ, ಅದರ ಜೊತೆ ಕುಣಿಯುತ್ತಾನೆ. ಮುಂದಿನ ಸಾಲಿನ ಹುಡುಗಿ ‘ಅದಕ್ಕೆ ಸಿಟ್ಟು ಬಂದಿದೆ, ಕೇಳದೇ ಕೂರಕ್ಕೆ ಹೋದ ಅಂತ’ ಎಂದು ಕೂಗಿದಳು. ಕೊನೆಗೆ ಅವನು ಬಗ್ಗಿ ತಾನೇ ಆಸನವಾಗುತ್ತಾನೆ, ಕುರ್ಚಿ ಅವನ ಮೇಲೆ ಕೂರುತ್ತದೆ, ಆಮೇಲೆ ಸಮಾಧಾನದಿಂದ ಅವನಿಗೂ ಜಾಗ ಕೊಡುತ್ತದೆ. ಚಪ್ಪಾಳೆಯೋ ಚಪ್ಪಾಳೆ. ಕುರ್ಚಿಗೆ ಕಾಣದ ದಾರ ಕಟ್ಟಿ ಅದಕ್ಕೆ ಹಟ, ನಾಚಿಕೆ, ಬಿಗುಮಾನ ಕೊಟ್ಟವರು ಎವೆಲಿನ್ ಲ್ಯಾಂಬಾರ್ಟ್ ಎಂಬ ಕಲಾವಿದೆ. ನಮ್ಮ ಕಿವಿಗೆ ಹತ್ತಿರವಾದ ಅದರ ಸಂಗೀತ ಯಾರದೆಂದು ಕೇಳಬೇಡವೇ? ರವಿಶಂಕರ್ ಅವರ ಸಿತಾರ್, ಚತುರ್ ಲಾಲ್ ಅವರ ತಬಲಾ. ಕುರ್ಚಿ ಓಡುವಾಗ ತಬಲಾ ಓಡುತ್ತದೆ, ಕುರ್ಚಿ ಮುನಿದು ನಿಂತರೆ ಸಿತಾರ್ ಒಂದು ಸ್ವರ ಹಿಡಿದು ಕಾಯುತ್ತದೆ.

ಮೆಕ್ಲಾರೆನ್‌ಗೆ ಭಾರತ ದೂರದ ದೇಶವೇನೂ ಆಗಿರಲಿಲ್ಲ. ಯುನೆಸ್ಕೋ ಕೆಲಸದ ಮೇಲೆ 1950ರ ದಶಕದ ಆರಂಭದಲ್ಲಿ ಇಲ್ಲಿಗೆ ಬಂದು, ಹಳ್ಳಿಗರಿಗೆ ಚಿತ್ರಗಳ ಮೂಲಕ ಕಲಿಸುವ ಬಗೆಯನ್ನು ಹೇಳಿಕೊಟ್ಟಿದ್ದರು. ಹೂವೊಂದಕ್ಕಾಗಿ ನೆರೆಹೊರೆಯವರಿಬ್ಬರು ಹೊಡೆದಾಡಿ ಸಾಯುವ ಅವರ 1952ರ ‘ನೇಬರ್ಸ್’ ಕಿರು ಸಾಕ್ಷ್ಯಚಿತ್ರದ ವಿಭಾಗದಲ್ಲಿ ಆಸ್ಕರ್ ಗೆದ್ದಿತು. ಅದರ ಸದ್ದುಗಳನ್ನು ಯಾವ ವಾದ್ಯದಿಂದಲೂ ತೆಗೆದದ್ದಲ್ಲ. ಫಿಲ್ಮಿನ ಧ್ವನಿಪಟ್ಟಿ ಬೆಳಕು ನೆರಳಿನ ಗೀಟುಗಳಿಂದ ಆದದ್ದು ತಾನೆ, ಆ ಗೀಟುಗಳನ್ನೇ ನೇರವಾಗಿ ಮೂಡಿಸಿದರೆ ಹೇಗೆ ಎಂದು ಮಾಡಿ ನೋಡಿದರು.

ಇಂಥ ಚಿತ್ರಗಳು ಕನ್ನಡ ನಾಡಿಗೆ ಬಂದ ಇನ್ನೊಂದು ದಾರಿ ಫಿಲ್ಮ್ ಸೊಸೈಟಿಗಳದು. ರಾಯಭಾರ ಕಚೇರಿಗಳಿಂದ 16 ಎಂಎಂ ಪ್ರತಿಗಳನ್ನು ಎರವಲು ತಂದು ತೋರಿಸಿದ ಸಂಘಗಳು ಅವು. ಬೆಂಗಳೂರಿನಲ್ಲಿ 1971ರಲ್ಲಿ ಸುಚಿತ್ರಾ ಹುಟ್ಟಿತು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ 1973ರಲ್ಲಿ ಚಿತ್ರಸಮಾಜ ತೆರೆಯಿತು. ಸತೀಶ್ ಬಹಾದುರ್, ಪಿ.ಕೆ. ನಾಯರ್ ಅವರಂಥ ಸಿನಿಮಾ ತಜ್ಞರು ಪುಣೆಯಿಂದ ಬಂದು ಅಡಿಕೆ ತೋಟದ ಜನರ ಜೊತೆ ಕೂತು ಸಿನಿಮಾ ನೋಡುವುದನ್ನು ಕಲಿಸಿದರು. 1983ರಿಂದ 85ರವರೆಗೆ ನೀನಾಸಮ್‌ನ ಜನಸ್ಪಂದನ ಯೋಜನೆಯಡಿ ಇಂಥ ಚಿತ್ರಗಳು ಕರ್ನಾಟಕದ ಹಳ್ಳಿ ಹಳ್ಳಿಗೆ ಹೋದವು. ಹಳ್ಳಿಯವರಿಗೆ ಇವೆಲ್ಲ ಅರ್ಥವಾಗುತ್ತವೆಯೇ ಎಂಬ ಪ್ರಶ್ನೆ ಪೇಟೆಯವರದಾಗಿತ್ತು. ಹಳ್ಳಿಯವರು ನೋಡಿ ಉತ್ತರ ಕೊಟ್ಟರು.

ಉತ್ತರ ಕೊಡದೇ ಏನು? ನಿಂತ ಚಿತ್ರದಲ್ಲಿ ಚಲನೆ ಕಾಣುವ ಕಣ್ಣು ನಮ್ಮ ಸೀಮೆಗೆ ಹೊಸದಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ಗುಡಿಯ ಬುಡದಲ್ಲಿ ಸುತ್ತುವರಿದ ಆನೆಗಳ ಸಾಲನ್ನು ನೋಡಿ. ಒಂದು ಸೊಂಡಿಲು ಎತ್ತಿದೆ, ಮುಂದಿನದು ಅರ್ಧ ಇಳಿಸಿದೆ, ಅದರ ಮುಂದಿನದು ಹೆಜ್ಜೆ ಬದಲಿಸಿದೆ. ಬೇಗ ಬೇಗ ಪ್ರದಕ್ಷಿಣೆ ಬಂದರೆ ಒಂದೇ ಆನೆ ನಡೆಯುತ್ತಿರುವ ಹಾಗೆ. ಹಳೇಬೀಡಿನಲ್ಲಿ ಆನೆಗಳ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರ ಪಟ್ಟಿಗಳು, ಅವುಗಳ ಮೇಲೆ ರಾಮಾಯಣ ಭಾರತಗಳ ಕಥೆ. ಅಲ್ಲಿ ನೋಡುವವನೇ ನಡೆಯಬೇಕು, ಆಗ ಕಥೆ ನಡೆಯುತ್ತದೆ. ಹೊಯ್ಸಳರು ಸಿನಿಮಾ ಕಂಡುಹಿಡಿದರೆಂದು ಹೇಳುವ ಹುಂಬತನ ನನಗಿಲ್ಲ. ಗರ್ಭಗುಡಿಯ ಕಡೆ ಧಾವಿಸುವ ಮುನ್ನ ಬುಡದ ಪಟ್ಟಿಯ ಮುಂದೆ ಹತ್ತು ನಿಮಿಷ ನಿಲ್ಲುವವರಿಗೆ ಈ ಕಿರುಚಿತ್ರಗಳ ರುಚಿ ಬೇಗ ಹತ್ತುತ್ತದೆ, ಅಷ್ಟೇ.

ತೊಗಲು ಗೊಂಬೆಯಾಟ ನೋಡಿದವರಿಗಂತೂ ಇನ್ನೂ ಬೇಗ. ಬಿಳಿ ಪರದೆಯ ಹಿಂದೆ ದೀಪ, ನಡುವೆ ಹದ ಮಾಡಿ ಬಣ್ಣ ಹಚ್ಚಿದ ತೊಗಲು, ಕಿಳ್ಳೇಕ್ಯಾತ ಮತ್ತು ಬಂಗಾರಕ್ಕನ ಜಗಳ. ಚಿತ್ರಕಲಾ ಪರಿಷತ್ತಿನ ಎಂ.ಎಸ್. ನಂಜುಂಡರಾವ್ ಇಂಥ ಗೊಂಬೆಗಳನ್ನು ಹಳ್ಳಿಗಳಿಂದ ಸಂಗ್ರಹಿಸಿ ಉಳಿಸದಿದ್ದರೆ ಎಷ್ಟೋ ಹೋಗಿಬಿಡುತ್ತಿದ್ದವು. ಜರ್ಮನಿಯ ಲೋಟ್ಟೆ ರೈನಿಗರ್ ಕಪ್ಪು ಕಾಗದ ಕತ್ತರಿಸಿ ನೆರಳಿನ ಚಿತ್ರಗಳನ್ನು ಮಾಡಿದವರು. 1926ರ ಅವರ ‘ಪ್ರಿನ್ಸ್ ಅಹ್ಮದ್’ ಇಂದು ನೋಡಲು ಸಿಗುವ ಅತಿ ಹಳೆಯ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರ. ನನಗೆ ಅದಕ್ಕಿಂತ ಇಷ್ಟವಾಗುವುದು 1922ರ ಪುಟ್ಟ ‘ಸಿಂಡರೆಲಾ’. ಶುರುವಿನಲ್ಲೇ ಕತ್ತರಿ ಹಿಡಿದ ಕೈಗಳು ಕಾಗದದಿಂದ ಹುಡುಗಿಯನ್ನು ಬಿಡಿಸಿ ತೆಗೆಯುವುದನ್ನು ತೋರಿಸಿಯೇ ಕಥೆಗೆ ಇಳಿಯುತ್ತಾರೆ.

ಇವನ್ನೆಲ್ಲ ಈಗ ಮನೆಯಲ್ಲೇ ಕೂತು ನೋಡಬಹುದು ಎಂಬುದು ಸಂತೋಷದ ಸಂಗತಿ. ಫಿಲ್ಮ್ಸ್ ಡಿವಿಷನ್ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ಲೀನವಾಯಿತು, ಅದರ ಹಳೆಯ ಚಿತ್ರಗಳಲ್ಲಿ ಬಹಳಷ್ಟು ಯೂಟ್ಯೂಬಿಗೆ ಬಂದಿವೆ. ಕೆನಡಾದ ಚಿತ್ರಮಂಡಳಿ ಮೆಕ್ಲಾರೆನ್ ಚಿತ್ರಗಳನ್ನು ಉಚಿತವಾಗಿ ತೆರೆದಿಟ್ಟಿದೆ. ಕೆಲವು ಪ್ರತಿಗಳು ಕೆಂಪು ಕೆಂಪಾಗಿ ಕಂಡರೆ ಮೊಬೈಲ್ ಕೆಟ್ಟಿದೆ ಎಂದುಕೊಳ್ಳಬೇಡಿ. ಆ ಕಾಲದ ಬಣ್ಣದ ಫಿಲ್ಮಿನಲ್ಲಿದ್ದ ಮೂರು ವರ್ಣದ್ರವ್ಯಗಳಲ್ಲಿ ನೀಲಿ ಹಸಿರಿನದು ಮೊದಲು ಮಾಸುತ್ತದೆ, ಕೆಂಪಿನ ಛಾಯೆ ಉಳಿಯುತ್ತದೆ. ದಾದಾಸಾಹೇಬ್ ಫಾಲ್ಕೆ 1915ರಲ್ಲಿ ಬೆಂಕಿಕಡ್ಡಿಗಳನ್ನು ಕುಣಿಸಿ ಮಾಡಿದ ಚಿತ್ರಕ್ಕೆ ಮಾಸುವ ಭಾಗ್ಯವೂ ಸಿಗಲಿಲ್ಲ, ಅದು ಪೂರ್ತಿ ಹೋಯಿತು.

ನನ್ನ ಮನಸ್ಸಿಗೆ ಹತ್ತಿರದ ಕೊರಗು ಬೇರೆ ಇದೆ. ಈ ಚಿತ್ರಗಳು ಕನ್ನಡವೂ ಸೇರಿ ಹಲವು ಭಾಷೆಗಳ ಧ್ವನಿಯಲ್ಲಿ ಊರೂರು ತಿರುಗಿದವು. ಟೆಂಟಿನಲ್ಲಿ ನಮ್ಮವರು ಕೇಳಿದ್ದು ಕನ್ನಡದ ದನಿ. ಈಗ ಹುಡುಕಿದರೆ ಕೈಗೆ ಸಿಗುವುದು ಬಹುಪಾಲು ಹಿಂದಿ, ಇಂಗ್ಲಿಷ್ ಪ್ರತಿಗಳೇ. ಕನ್ನಡದ ದನಿ ಕೊಟ್ಟವರ ಹೆಸರು ಪರದೆಯ ಮೇಲೂ ಬರಲಿಲ್ಲ, ಪುಸ್ತಕದಲ್ಲೂ ಬರಲಿಲ್ಲ. ಆ ಸುರುಳಿಗಳಲ್ಲಿ ಕೆಲವಾದರೂ ಹಳೆಯ ಶಾಲೆ ಕಾಲೇಜುಗಳ ಉಗ್ರಾಣದಲ್ಲಿ, ಮುಚ್ಚಿದ ಟಾಕೀಸಿನ ಅಟ್ಟದಲ್ಲಿ, ತೀರಿಹೋದ ಪ್ರೊಜೆಕ್ಟರ್ ಆಪರೇಟರ್ ಒಬ್ಬರ ಮನೆಯ ಟ್ರಂಕಿನಲ್ಲಿ ಇರಲೇಬೇಕು ಎಂದು ನಾನು ನಂಬಿದ್ದೇನೆ.

ಹಾಗಾಗಿ ಓದುಗರಲ್ಲಿ ಒಂದು ಕೇಳಿಕೆ. ಮನೆ ಕೆಡವುವಾಗ, ಅಟ್ಟ ಗುಡಿಸುವಾಗ ತಟ್ಟೆಯಾಕಾರದ ತಗಡಿನ ಡಬ್ಬಿ ಸಿಕ್ಕರೆ ಗುಜರಿಗೆ ಹಾಕಬೇಡಿ. ಮುಚ್ಚಳ ತೆಗೆದಾಗ ವಿನೆಗರಿನಂಥ ಹುಳಿ ವಾಸನೆ ಹೊಡೆದರೆ ಫಿಲ್ಮು ಕೆಡಲು ಶುರುವಾಗಿದೆ ಎಂದರ್ಥ, ಪೂರ್ತಿ ಕೆಟ್ಟಿದೆ ಎಂದಲ್ಲ. ಬಿಸಿಲಿಗೆ ಒಣಗಲು ಇಡಬೇಡಿ, ಸುರುಳಿ ಬಿಚ್ಚಿ ಎಳೆದು ನೋಡಬೇಡಿ, ತಂಪಾದ ಗಾಳಿಯಾಡುವ ಕಡೆ ಬೇರೆಯೇ ಇಟ್ಟು ಪುಣೆಯಲ್ಲಿ 1964ರಿಂದ ಇರುವ ರಾಷ್ಟ್ರೀಯ ಚಲನಚಿತ್ರ ಭಂಡಾರಕ್ಕೆ ತಿಳಿಸಿ. ಡಬ್ಬಿಯ ಮೇಲೆ ಅಂಟಿಸಿದ ಚೀಟಿಯನ್ನು ಕೀಳದೆ ಅದರ ಫೋಟೋ ತೆಗೆದು ಕಳಿಸಿ, ಚಿತ್ರದ ಹೆಸರಿನ ಪಕ್ಕದಲ್ಲಿ ಭಾಷೆಯನ್ನೂ ಬರೆದಿರುತ್ತಾರೆ. ಅಲ್ಲಿ ‘ಕನ್ನಡ’ ಎಂದಿದ್ದರೆ ದಯವಿಟ್ಟು ಅವತ್ತೇ ಕಳಿಸಿ.